ಜಾನ್ ಪೋಸ್ಟೆಲ್

ಜೊನಾಥನ್ ಬ್ರೂಸ್ ಪೋಸ್ಟೆಲ್ (ಆಗಸ್ಟ್ ೬, ೧೯೪೩ – ಅಕ್ಟೋಬರ್ ೧೬, ೧೯೯೮) ಅಮೆರಿಕದ ಗಣಕ ವಿಜ್ಞಾನಿ. ಅಂತರಜಾಲದ ಆರಂಭದ ದಿನಗಳಿಂದ ತಮ್ಮ ಮರಣದವರೆಗೆ, ಅಂದರೆ ಸುಮಾರು ಮೂವತ್ತು ವರ್ಷಗಳ ಕಾಲ, ಅದರ ನಿಯಮಪತ್ರಗಳಾದ ಆರ್‌ಎಫ್‌ಸಿ ಮಾಲೆಯ ಸಂಪಾದಕರಾಗಿದ್ದರು. ಅಂತರಜಾಲಕ್ಕೆ ಬೇಕಾದ ಸಂಖ್ಯೆಗಳನ್ನೂ ಹೆಸರುಗಳನ್ನೂ ಹಂಚಿ, ಅವುಗಳ ಪಟ್ಟಿಯನ್ನು ಕಾಪಾಡಿದ 'ಅಯಾನಾ' (ಇಂಟರ್ನೆಟ್ ಅಸೈನ್ಡ್ ನಂಬರ್ಸ್ ಅಥಾರಿಟಿ) ಎಂಬ ವ್ಯವಸ್ಥೆಯನ್ನು ಕಟ್ಟಿ ನಡೆಸಿದವರೂ ಇವರೇ. ಯಾವ ಕಂಪ್ಯೂಟರಿನಲ್ಲಿಯೂ ಓದಬಹುದಾದ ಸರಳ ಪಠ್ಯಕಡತಗಳಲ್ಲಿ ಮಾಹಿತಿಯನ್ನು ಇಡುವ ಪದ್ಧತಿ ಅವರ ಕೆಲಸದ ಉದ್ದಕ್ಕೂ ಕಂಡುಬರುತ್ತದೆ. ಇಂದಿನ ಯುನಿಕ್ಸ್, ಲಿನಕ್ಸ್ ಮತ್ತು ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಉಳಿದಿರುವ 'ಹೋಸ್ಟ್ಸ್', 'ಸರ್ವಿಸಸ್' ಮೊದಲಾದ ಕಡತಗಳು ಆ ಕಾಲದ ಪಟ್ಟಿಗಳ ಮುಂದುವರಿಕೆಯಾಗಿವೆ.

ಬಾಲ್ಯ ಮತ್ತು ಶಿಕ್ಷಣ

ಪೋಸ್ಟೆಲ್ ಕ್ಯಾಲಿಫೋರ್ನಿಯಾ ರಾಜ್ಯದ ಆಲ್ಟಡೀನಾದಲ್ಲಿ ಜನಿಸಿದರು. ಲಾಸ್ ಏಂಜಲೀಸ್ ಪ್ರದೇಶದ ವ್ಯಾನ್ ನೈಸ್ ಪ್ರೌಢಶಾಲೆಯಲ್ಲಿ ಓದಿದರು. ಮುಂದೆ ಅಂತರಜಾಲದ ರೂಪಣೆಯಲ್ಲಿ ಅವರ ಜೊತೆಗಾರರಾದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಅವರೂ ಅದೇ ಶಾಲೆಯ ವಿದ್ಯಾರ್ಥಿಗಳಾಗಿದ್ದರು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ (ಯುಸಿಎಲ್‌ಎ) ಪೋಸ್ಟೆಲ್ ೧೯೬೬ರಲ್ಲಿ ಪದವಿಯನ್ನೂ ೧೯೬೮ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಎಂಜಿನಿಯರಿಂಗ್ ವಿಷಯದಲ್ಲಿ ಪಡೆದರು. ೧೯೭೪ರಲ್ಲಿ ಅದೇ ವಿಶ್ವವಿದ್ಯಾಲಯವು ಅವರಿಗೆ ಗಣಕ ವಿಜ್ಞಾನದಲ್ಲಿ ಡಾಕ್ಟರೇಟ್ ನೀಡಿತು. ಕಂಪ್ಯೂಟರುಗಳ ನಡುವಣ ಸಂವಹನ ನಿಯಮಗಳನ್ನು, ಅಂದರೆ ಪ್ರೋಟೋಕಾಲ್‌ಗಳನ್ನು, ಗಣಿತದ ನೆರವಿನಿಂದ ವಿಶ್ಲೇಷಿಸುವುದು ಅವರ ಪ್ರಬಂಧದ ವಿಷಯವಾಗಿತ್ತು.

ಆರ್ಪಾನೆಟ್ ಮತ್ತು ಆರ್‌ಎಫ್‌ಸಿ ಮಾಲೆ

ವಿದ್ಯಾರ್ಥಿಯಾಗಿದ್ದಾಗಲೇ ಪೋಸ್ಟೆಲ್, ಪ್ರಾಧ್ಯಾಪಕ ಲಿಯೊನಾರ್ಡ್ ಕ್ಲೈನ್‌ರಾಕ್ ಅವರ ಜಾಲ ಮಾಪನ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಅಮೆರಿಕದ ರಕ್ಷಣಾ ಇಲಾಖೆಯ ಆರ್ಪಾ ಸಂಸ್ಥೆಯ ಹಣದಿಂದ ನಿರ್ಮಾಣವಾದ ಆರ್ಪಾನೆಟ್ ಜಾಲದ ಮೊದಲ ನೆಲೆ ಯುಸಿಎಲ್‌ಎ ಆಗಿತ್ತು. ೧೯೬೯ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕಂಪ್ಯೂಟರು ಈ ಜಾಲದ ಉಪಕರಣಕ್ಕೆ ಜೋಡಣೆಗೊಂಡಿತು. ಜಾಲದ ನಿಯಮಗಳನ್ನು ರೂಪಿಸುವ ಹೊಣೆ ಬಹುಮಟ್ಟಿಗೆ ವಿದ್ಯಾರ್ಥಿಗಳ ಮೇಲೆಯೇ ಬಿದ್ದಿತು.

ಈ ಚರ್ಚೆಗಳನ್ನು ದಾಖಲಿಸಲು ಸ್ಟೀವ್ ಕ್ರಾಕರ್ ೧೯೬೯ರ ಏಪ್ರಿಲ್ ೭ರಂದು ಮೊದಲ ಟಿಪ್ಪಣಿಯನ್ನು ಹೊರಡಿಸಿದರು. ಅಧಿಕಾರದ ಧ್ವನಿ ಬಾರದಂತೆ, ಅಭಿಪ್ರಾಯ ಕೋರುವ ಪತ್ರ ಎಂಬ ಅರ್ಥದ 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್' ಎಂಬ ಹೆಸರನ್ನು ಅದಕ್ಕೆ ಇಡಲಾಯಿತು. ಇದರ ಸಂಕ್ಷಿಪ್ತ ರೂಪವೇ ಆರ್‌ಎಫ್‌ಸಿ. ಈ ಮಾಲೆಯ ಸಂಪಾದನೆಯನ್ನು ವಹಿಸಿಕೊಂಡ ಪೋಸ್ಟೆಲ್ ಕೊನೆಯವರೆಗೂ ಅದನ್ನು ಬಿಡಲಿಲ್ಲ. ಅವರ ಮರಣದ ವೇಳೆಗೆ ಮಾಲೆಯ ಕ್ರಮಾಂಕ ೨,೪೦೦ನ್ನು ದಾಟಿತ್ತು. ಅವುಗಳಲ್ಲಿ ೨೦೦ಕ್ಕೂ ಹೆಚ್ಚು ಪತ್ರಗಳಿಗೆ ಅವರು ಸ್ವತಃ ಲೇಖಕರು ಅಥವಾ ಸಹಲೇಖಕರು.

ಸಂಪಾದಕರಾಗಿ ಪೋಸ್ಟೆಲ್ ಎರಡು ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದರು. ಒಮ್ಮೆ ಪ್ರಕಟವಾದ ಪತ್ರವನ್ನು ತಿದ್ದುವಂತಿಲ್ಲ. ಬದಲಾವಣೆ ಬೇಕಾದರೆ ಹೊಸ ಸಂಖ್ಯೆಯ ಹೊಸ ಪತ್ರ ಬರಬೇಕು. ಹಾಗೆಯೇ ಪತ್ರವು ಆಸ್ಕಿ ಅಕ್ಷರಗಳಲ್ಲಿ, ನಿಗದಿತ ಅಗಲದ ಸಾಲುಗಳಲ್ಲಿ, ಸರಳ ಪಠ್ಯವಾಗಿಯೇ ಇರಬೇಕು. ಚಿತ್ರಗಳನ್ನು ಕೂಡ ಅಡ್ಡಗೆರೆ, ಕೂಡುಚಿಹ್ನೆಗಳಿಂದಲೇ ಬಿಡಿಸಬೇಕಾಗಿತ್ತು. ಅಕ್ಷರವಿನ್ಯಾಸದ ತಂತ್ರಾಂಶಗಳು ಬಂದ ಮೇಲೆ ಇದು ಹಳೆಯ ಪದ್ಧತಿಯೆಂದು ಅನೇಕರು ಆಕ್ಷೇಪಿಸಿದರು. ಆದರೆ ಆ ತಂತ್ರಾಂಶಗಳಲ್ಲಿ ಹಲವು ಮರೆಯಾದರೂ ೧೯೭೦ರ ದಶಕದ ಆರ್‌ಎಫ್‌ಸಿಗಳನ್ನು ಇಂದಿನ ಯಾವ ಕಂಪ್ಯೂಟರಿನಲ್ಲಿಯೂ ವಿಶೇಷ ಸಾಧನವಿಲ್ಲದೆ ತೆರೆದು ಓದಬಹುದು.

ಸಂಖ್ಯೆಗಳ ಪಟ್ಟಿ

ಎರಡು ಕಂಪ್ಯೂಟರುಗಳು ಮಾತನಾಡಬೇಕಾದರೆ ಕೆಲವು ಸಂಖ್ಯೆಗಳ ಅರ್ಥದಲ್ಲಿ ಅವುಗಳ ನಡುವೆ ಒಮ್ಮತವಿರಬೇಕು. ಒಂದು ಕಡೆಯವರು ಅಂಚೆಗೆಂದು ಬಳಸಿದ ಸಂಖ್ಯೆಯನ್ನು ಇನ್ನೊಂದು ಕಡೆಯವರು ಕಡತ ವರ್ಗಾವಣೆಗೆ ಬಳಸಿದರೆ ಸಂವಹನ ಅಸಾಧ್ಯ. ಇಂಥ ಸಂಖ್ಯೆಗಳನ್ನು ಹಂಚಲು ಒಬ್ಬ ಜವಾಬ್ದಾರ ವ್ಯಕ್ತಿ ಬೇಕೆಂದು ಪೋಸ್ಟೆಲ್ ೧೯೭೨ರ ಮೇ ತಿಂಗಳ ಆರ್‌ಎಫ್‌ಸಿ ೩೪೯ರಲ್ಲಿ ಸೂಚಿಸಿದರು. ಆ ಕೆಲಸ ಅವರ ಪಾಲಿಗೇ ಬಂದಿತು.

ಮೈಟರ್ ಹಾಗೂ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗಳಲ್ಲಿ (ಎಸ್‌ಆರ್‌ಐ) ಕೆಲಕಾಲ ಕೆಲಸ ಮಾಡಿದ ನಂತರ ೧೯೭೭ರ ಮಾರ್ಚಿನಲ್ಲಿ ಪೋಸ್ಟೆಲ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯನ್ನು (ಐಎಸ್‌ಐ) ಸೇರಿದರು. ಮರೀನಾ ಡೆಲ್ ರೇ ಪಟ್ಟಣದ ಈ ಸಂಸ್ಥೆಯಲ್ಲಿಯೇ ಅವರು ಕೊನೆಯವರೆಗೆ ಉಳಿದರು. ಸಂಖ್ಯೆಗಳ ಪಟ್ಟಿಯನ್ನು 'ಅಸೈನ್ಡ್ ನಂಬರ್ಸ್' ಎಂಬ ಶೀರ್ಷಿಕೆಯಲ್ಲಿ ಕಾಲಕಾಲಕ್ಕೆ ಆರ್‌ಎಫ್‌ಸಿಯಾಗಿ ಪ್ರಕಟಿಸಿದರು. ೧೯೮೩ರಿಂದ ಜಾಯ್ಸ್ ರೆನಾಲ್ಡ್ಸ್ ಈ ಕೆಲಸದಲ್ಲಿ ಅವರ ನಿಕಟ ಸಹಯೋಗಿಯಾಗಿದ್ದರು. ಕಡತ ವರ್ಗಾವಣೆಗೆ ೨೧, ಟೆಲ್‌ನೆಟ್‌ಗೆ ೨೩, ಮಿಂಚಂಚೆಗೆ ೨೫, ಹೆಸರು ಸೇವೆಗೆ ೫೩ ಮೊದಲಾದ ಪೋರ್ಟ್ ಸಂಖ್ಯೆಗಳು ಈ ಪಟ್ಟಿಯ ಮೂಲಕವೇ ಸ್ಥಿರಗೊಂಡವು. ೧೯೮೦ರ ದಶಕದ ಕೊನೆಯ ವೇಳೆಗೆ ಈ ಕಾರ್ಯಕ್ಕೆ ಅಯಾನಾ ಎಂಬ ಹೆಸರು ಬಳಕೆಗೆ ಬಂದಿತು. ಹೆಸರಿನಲ್ಲಿ ಅಧಿಕಾರವೆಂಬ ಪದವಿದ್ದರೂ ಅದು ಕಾಯಿದೆಯಿಂದ ಹುಟ್ಟಿದ ಸಂಸ್ಥೆಯಾಗಿರಲಿಲ್ಲ. ರಕ್ಷಣಾ ಇಲಾಖೆಯ ಸಂಶೋಧನ ಒಪ್ಪಂದದ ಹಣದಿಂದ, ಬಳಕೆದಾರರ ವಿಶ್ವಾಸದ ಮೇಲೆ ನಡೆಯುತ್ತಿದ್ದ ಸಣ್ಣ ಕಚೇರಿಯಾಗಿತ್ತು.

ಟಿಸಿಪಿ/ಐಪಿ ಪ್ರೋಟೋಕಾಲ್‌ಗಳು

೧೯೭೭ರ ಆಗಸ್ಟಿನಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ ಪೋಸ್ಟೆಲ್, ಅಂದು ಒಂದೇ ಆಗಿದ್ದ ಟಿಸಿಪಿಯಲ್ಲಿ ಎರಡು ಬೇರೆ ಕೆಲಸಗಳು ಬೆರೆತುಹೋಗಿವೆ ಎಂದು ತೋರಿಸಿದರು. ಪೊಟ್ಟಣಗಳನ್ನು ದಾರಿ ಹಿಡಿಸುವ ಕೆಲಸ ಒಂದು, ದತ್ತಾಂಶವು ಕ್ರಮವಾಗಿ ಪೂರ್ಣವಾಗಿ ತಲುಪುವಂತೆ ನೋಡಿಕೊಳ್ಳುವ ಕೆಲಸ ಇನ್ನೊಂದು. ಸರ್ಫ್, ಡ್ಯಾನಿ ಕೋಹೆನ್ ಮತ್ತು ಇತರರೊಡನೆ ನಡೆದ ಚರ್ಚೆಯ ಫಲವಾಗಿ ೧೯೭೮ರಲ್ಲಿ ಇವು ಐಪಿ ಮತ್ತು ಟಿಸಿಪಿ ಎಂದು ಬೇರ್ಪಟ್ಟವು. ೧೯೮೧ರ ಸೆಪ್ಟೆಂಬರಿನಲ್ಲಿ ಬಂದ ಐಪಿ, ಐಸಿಎಂಪಿ ಮತ್ತು ಟಿಸಿಪಿ ನಿಯಮಪತ್ರಗಳನ್ನು (ಆರ್‌ಎಫ್‌ಸಿ ೭೯೧, ೭೯೨, ೭೯೩) ಪೋಸ್ಟೆಲ್ ಸಿದ್ಧಪಡಿಸಿದರು. ಯುಡಿಪಿ (೧೯೮೦) ಮತ್ತು ಮಿಂಚಂಚೆಯ ಎಸ್‌ಎಂಟಿಪಿ (೧೯೮೨) ಅವರ ಬರವಣಿಗೆಗಳೇ. ಎಫ್‌ಟಿಪಿಯ ೧೯೮೫ರ ರೂಪವನ್ನು ಅವರು ರೆನಾಲ್ಡ್ಸ್ ಅವರೊಡನೆ ಬರೆದರು.

೧೯೮೦ರ ಜನವರಿಯ ಪತ್ರಗಳಲ್ಲಿ ಅವರು ಸೇರಿಸಿದ ಒಂದು ಸೂತ್ರವು ಇಂದು ಪೋಸ್ಟೆಲ್ ನಿಯಮವೆಂದು ಹೆಸರಾಗಿದೆ. ತಾನು ಕಳುಹಿಸುವ ಸಂದೇಶದಲ್ಲಿ ನಿಯಮಕ್ಕೆ ಬಿಗಿಯಾಗಿ ಬದ್ಧವಾಗಿರಬೇಕು, ಇತರರಿಂದ ಬರುವುದನ್ನು ಸ್ವೀಕರಿಸುವಾಗ ಉದಾರವಾಗಿರಬೇಕು ಎಂಬುದು ಅದರ ತಾತ್ಪರ್ಯ. ಭಿನ್ನ ಭಿನ್ನ ಯಂತ್ರಗಳು ಒಂದೇ ಜಾಲದಲ್ಲಿ ಹೊಂದಿಕೊಳ್ಳಲು ಇದು ನೆರವಾಯಿತು. ತಪ್ಪು ಸಂದೇಶಗಳನ್ನು ಸಹಿಸಿಕೊಂಡರೆ ಆ ತಪ್ಪುಗಳೇ ರೂಢಿಯಾಗಿ ಬೇರೂರುತ್ತವೆ ಎಂಬ ಟೀಕೆಯೂ ನಂತರದ ವರ್ಷಗಳಲ್ಲಿ ಕೇಳಿಬಂದಿದೆ. ಹಳೆಯ ಎನ್‌ಸಿಪಿಯಿಂದ ಟಿಸಿಪಿ/ಐಪಿಗೆ ಸಾಗುವ ಯೋಜನೆಯನ್ನೂ (ಆರ್‌ಎಫ್‌ಸಿ ೮೦೧) ಪೋಸ್ಟೆಲ್ ಬರೆದರು. ಅದರಂತೆ ೧೯೮೩ರ ಜನವರಿ ೧ರಂದು ಆರ್ಪಾನೆಟ್ ಹೊಸ ಪ್ರೋಟೋಕಾಲ್‌ಗೆ ಬದಲಾಯಿತು.

ಹೋಸ್ಟ್ಸ್ ಕಡತದಿಂದ ಡೊಮೇನ್ ವ್ಯವಸ್ಥೆಗೆ

ಆರ್ಪಾನೆಟ್‌ನ ಮೊದಲ ವರ್ಷಗಳಲ್ಲಿ ಪ್ರತಿಯೊಂದು ನೆಲೆಯೂ ಇತರ ಕಂಪ್ಯೂಟರುಗಳ ಹೆಸರು ಮತ್ತು ವಿಳಾಸಗಳ ಪಟ್ಟಿಯನ್ನು ತನ್ನಷ್ಟಕ್ಕೆ ಇಟ್ಟುಕೊಂಡಿತ್ತು. ಪಟ್ಟಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆದುದರಿಂದ ೧೯೭೪ರ ಆರಂಭದಲ್ಲಿ ಎಸ್‌ಆರ್‌ಐನ ಜಾಲ ಮಾಹಿತಿ ಕೇಂದ್ರವು ಒಂದೇ ಅಧಿಕೃತ ಪಠ್ಯಕಡತವನ್ನು ನಿರ್ವಹಿಸುವ ವ್ಯವಸ್ಥೆ ಬಂದಿತು. ಎಲಿಜಬೆತ್ ಫೈನ್ಲರ್ ಅವರ ನೇತೃತ್ವದ ತಂಡ ಈ 'ಹೋಸ್ಟ್ಸ್' ಕಡತವನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರನ್ನು ಸೇರಿಸಬೇಕಾದವರು ಕೇಂದ್ರಕ್ಕೆ ಬರೆಯಬೇಕು. ಕೇಂದ್ರವು ಕಡತಕ್ಕೆ ಒಂದು ಸಾಲು ಸೇರಿಸುತ್ತದೆ. ಎಲ್ಲ ನೆಲೆಗಳೂ ಆಗಾಗ ಕಡತದ ಹೊಸ ಪ್ರತಿಯನ್ನು ತರಿಸಿಕೊಳ್ಳುತ್ತವೆ.

ಜಾಲ ಬೆಳೆದಂತೆ ಈ ಪದ್ಧತಿ ಕುಸಿಯತೊಡಗಿತು. ಕಡತ ಉದ್ದವಾಯಿತು, ಅದನ್ನು ತರಿಸಿಕೊಳ್ಳುವವರ ಸಂಖ್ಯೆಯೂ ಏರಿತು, ಒಬ್ಬರ ಕೈಯಲ್ಲಿ ಹೊಸ ಪ್ರತಿಯಿದ್ದರೆ ಇನ್ನೊಬ್ಬರ ಕೈಯಲ್ಲಿ ಹಳೆಯದು ಇರುತ್ತಿತ್ತು. ಒಂದೇ ಹೆಸರನ್ನು ಇಬ್ಬರು ಬಯಸಿದರೆ ತೀರ್ಮಾನಿಸುವ ಭಾರವೂ ಕೇಂದ್ರದ ಮೇಲೆಯೇ ಇತ್ತು. ಈ ತೊಡಕಿಗೆ ಬಂದಿದ್ದ ಹಲವು ಸಲಹೆಗಳನ್ನು ಪರಿಶೀಲಿಸುವಂತೆ ಪೋಸ್ಟೆಲ್, ಐಎಸ್‌ಐನ ಸಹೋದ್ಯೋಗಿ ಪಾಲ್ ಮಾಕಪೆಟ್ರಿಸ್ ಅವರಿಗೆ ವಹಿಸಿದರು. ಮಾಕಪೆಟ್ರಿಸ್ ಅವುಗಳಲ್ಲಿ ಒಂದನ್ನು ಆಯ್ದುಕೊಳ್ಳುವ ಬದಲು ಡೊಮೇನ್ ಹೆಸರು ವ್ಯವಸ್ಥೆ ಎಂಬ ಹೊಸ ವಿನ್ಯಾಸವನ್ನೇ ರಚಿಸಿ ೧೯೮೩ರ ನವೆಂಬರಿನಲ್ಲಿ ಪ್ರಕಟಿಸಿದರು. ಅದನ್ನು ಜಾರಿಗೊಳಿಸುವ ವೇಳಾಪಟ್ಟಿಯನ್ನು ಪೋಸ್ಟೆಲ್ ಬರೆದರು.

ಈ ವಿನ್ಯಾಸದಲ್ಲಿ ಹೆಸರುಗಳು ಮರದ ಕೊಂಬೆಗಳಂತೆ ಕವಲೊಡೆಯುತ್ತವೆ. ಪ್ರತಿಯೊಂದು ಕೊಂಬೆಯ ಹೊಣೆ ಆಯಾ ಸಂಸ್ಥೆಯದು. ಆ ಕೊಂಬೆಯೊಳಗೆ ಹೊಸ ಹೆಸರನ್ನು ಸೇರಿಸಲು ಕೇಂದ್ರವನ್ನು ಕೇಳಬೇಕಾಗಿಲ್ಲ. ಹೀಗೆ ಒಂದೇ ಕಡತವಾಗಿದ್ದುದು ಲೋಕದಾದ್ಯಂತ ಹಂಚಿದ ದತ್ತಸಂಚಯವಾಯಿತು. ಸರ್ವರುಗಳು ತಮ್ಮೊಳಗೆ ದ್ವಿಮಾನ ರೂಪದ ಸಂದೇಶಗಳನ್ನು ವಿನಿಮಯ ಮಾಡಿಕೊಂಡರೂ ಪ್ರತಿ ವಲಯದ ಮೂಲ ದಾಖಲೆಗೆ ಮನುಷ್ಯರು ಓದಬಲ್ಲ ಪಠ್ಯಕಡತದ ರೂಪವನ್ನು ನಿಯಮಪತ್ರವೇ ವಿಧಿಸಿತು. ಪಠ್ಯದ ಸರಳತೆಯನ್ನೂ ದತ್ತಸಂಚಯದ ವಿಸ್ತಾರವನ್ನೂ ಒಟ್ಟಿಗೆ ಪಡೆದುದು ಈ ವ್ಯವಸ್ಥೆಯ ಯಶಸ್ಸಿನ ಒಂದು ಕಾರಣ.

೧೯೮೪ರ ಅಕ್ಟೋಬರಿನಲ್ಲಿ ಪೋಸ್ಟೆಲ್ ಮತ್ತು ರೆನಾಲ್ಡ್ಸ್ ಕಾಮ್, ಎಡು, ಗವ್, ಮಿಲ್, ಆರ್ಗ್ ಮೊದಲಾದ ಮೇಲ್ಮಟ್ಟದ ಡೊಮೇನ್‌ಗಳನ್ನು ನಿಗದಿಪಡಿಸಿದರು. ದೇಶಗಳಿಗೆ ಎರಡಕ್ಷರದ ಸಂಕೇತಗಳನ್ನು ಐಎಸ್‌ಒ ೩೧೬೬ ಪಟ್ಟಿಯಿಂದ ತೆಗೆದುಕೊಳ್ಳಲಾಯಿತು. ಯಾವುದು ದೇಶ, ಯಾವುದು ಅಲ್ಲ ಎಂಬ ವಿವಾದದಿಂದ ಅಯಾನಾ ದೂರ ಉಳಿಯಲು ಈ ಕ್ರಮ ಸಹಾಯಕವಾಯಿತು. ಭಾರತದ 'ಇನ್' ಡೊಮೇನ್ ೧೯೮೯ರಲ್ಲಿ ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದ (ಎನ್‌ಸಿಎಸ್‌ಟಿ) ವಶಕ್ಕೆ ಬಂದುದು ಈ ವ್ಯವಸ್ಥೆಯಡಿಯಲ್ಲಿಯೇ. ಡೊಮೇನ್ ನಿರ್ವಾಹಕರು ಮಾಲೀಕರಲ್ಲ, ಸಮುದಾಯದ ಪರವಾಗಿ ಕೆಲಸ ಮಾಡುವ ಧರ್ಮದರ್ಶಿಗಳಿದ್ದಂತೆ ಎಂಬ ತತ್ತ್ವವನ್ನು ಪೋಸ್ಟೆಲ್ ೧೯೯೪ರ ಆರ್‌ಎಫ್‌ಸಿ ೧೫೯೧ರಲ್ಲಿ ನಿರೂಪಿಸಿದರು.

ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಪೋಸ್ಟೆಲ್ ಪಟ್ಟಿಗಳು

೧೯೮೩ರಲ್ಲಿ ಹೊರಬಂದ ಬರ್ಕ್ಲಿ ಯುನಿಕ್ಸ್ ೪.೨ ಆವೃತ್ತಿಯು ಟಿಸಿಪಿ/ಐಪಿಯನ್ನು ಅಳವಡಿಸಿಕೊಂಡಿತು. ಹೆಸರು ಮತ್ತು ಸಂಖ್ಯೆಗಳ ಪಟ್ಟಿಗಳನ್ನು 'ಇಟಿಸಿ' ಎಂಬ ಕೋಶದಲ್ಲಿ ಹೋಸ್ಟ್ಸ್, ನೆಟ್‌ವರ್ಕ್ಸ್, ಪ್ರೋಟೋಕಾಲ್ಸ್, ಸರ್ವಿಸಸ್ ಎಂಬ ಪಠ್ಯಕಡತಗಳಾಗಿ ಇರಿಸಲಾಯಿತು. ಸರ್ವಿಸಸ್ ಕಡತದ ಒಂದು ಸಾಲಿನಲ್ಲಿ ಸೇವೆಯ ಹೆಸರು, ಪೋರ್ಟ್ ಸಂಖ್ಯೆ ಮತ್ತು ಪ್ರೋಟೋಕಾಲ್ ಇರುತ್ತವೆ. ಅಯಾನಾ ಹಂಚಿದ ಸಂಖ್ಯೆಗಳೇ ಅಲ್ಲಿ ಕಾಣುತ್ತವೆ.

ವ್ಯವಸ್ಥೆಯ ಹೊಂದಾಣಿಕೆಗಳನ್ನು ಹೀಗೆ ಬಿಡಿ ಪಠ್ಯಕಡತಗಳಲ್ಲಿ ಇಡುವುದೇ ಅಥವಾ ಒಂದೇ ದ್ವಿಮಾನ ದತ್ತಸಂಚಯದಲ್ಲಿ ಇಡುವುದೇ ಎಂಬ ವಿಷಯದಲ್ಲಿ ಎರಡು ಪಂಥಗಳು ಬೆಳೆದವು. ಪಠ್ಯಕಡತವನ್ನು ಯಾವ ಸಂಪಾದಕ ತಂತ್ರಾಂಶದಿಂದಲೂ ತಿದ್ದಬಹುದು. ಸಾಲಿನ ಪಕ್ಕದಲ್ಲಿ ಕಾರಣವನ್ನು ಬರೆದಿಡಬಹುದು. ಹಳೆಯ ಪ್ರತಿಯೊಡನೆ ಹೋಲಿಸಿ ಬದಲಾವಣೆಯನ್ನು ಗುರುತಿಸಬಹುದು. ಒಂದು ಕಡತ ಕೆಟ್ಟರೂ ಉಳಿದವು ಸುರಕ್ಷಿತ. ಆದರೆ ಪ್ರತಿ ಕಡತಕ್ಕೂ ಬೇರೆ ಬೇರೆ ಬರಹಕ್ರಮವಿರುತ್ತದೆ. ಸಂಖ್ಯೆ ಇರಬೇಕಾದಲ್ಲಿ ಪದ ಬಿದ್ದರೆ ತಡೆಯುವವರಿಲ್ಲ. ಎರಡು ತಂತ್ರಾಂಶಗಳು ಒಮ್ಮೆಲೇ ಬರೆದರೆ ಕಡತ ಹಾಳಾಗಬಹುದು. ದೊಡ್ಡ ಕಡತದಲ್ಲಿ ಒಂದು ನಮೂದನ್ನು ಹುಡುಕಲು ಮೊದಲಿನಿಂದ ಓದಬೇಕಾಗುತ್ತದೆ.

ಮೈಕ್ರೋಸಾಫ್ಟ್ ೧೯೯೨ರ ವಿಂಡೋಸ್ ೩.೧ರಲ್ಲಿ ಸಣ್ಣ ರೂಪದಲ್ಲಿ ತಂದ ರಿಜಿಸ್ಟ್ರಿಯು ವಿಂಡೋಸ್ ಎನ್‌ಟಿ ಮತ್ತು ವಿಂಡೋಸ್ ೯೫ರಲ್ಲಿ ವ್ಯವಸ್ಥೆಯ ಮುಖ್ಯ ದತ್ತಸಂಚಯವಾಯಿತು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಪಠ್ಯರೂಪದ 'ಐಎನ್‌ಐ' ಕಡತಗಳ ಕೊರತೆಯನ್ನು ನೀಗಿಸುವುದು ಅದರ ಉದ್ದೇಶ. ರಿಜಿಸ್ಟ್ರಿಯಲ್ಲಿ ಪ್ರತಿ ಮೌಲ್ಯಕ್ಕೂ ನಿಶ್ಚಿತ ಪ್ರಕಾರವಿದೆ. ಎನ್‌ಟಿ ಪರಂಪರೆಯಲ್ಲಿ ಪ್ರತಿ ಕೀಲಿಗೂ ಪ್ರವೇಶ ನಿಯಂತ್ರಣವಿದೆ. ಹುಡುಕಾಟ ವೇಗವಾಗಿ ನಡೆಯುತ್ತದೆ. ಆದರೆ ನಮೂದಿನ ಪಕ್ಕದಲ್ಲಿ ಟಿಪ್ಪಣಿ ಬರೆಯಲು ಸ್ಥಳವಿಲ್ಲ, ಅದನ್ನು ತೆರೆಯಲು ವಿಶೇಷ ಸಾಧನ ಬೇಕು, ಮುಖ್ಯ ಕಡತ ಕೆಟ್ಟರೆ ಕಂಪ್ಯೂಟರು ಆರಂಭವಾಗದಿರಬಹುದು.

ಹಾಗಿದ್ದರೂ ವಿಂಡೋಸಿನಲ್ಲಿ ಜಾಲದ ಪಟ್ಟಿಗಳು ಪಠ್ಯವಾಗಿಯೇ ಉಳಿದವು. ವಿಂಡೋಸ್ ಕೋಶದ ಒಳಗೆ 'ಸಿಸ್ಟಮ್೩೨', ಅದರೊಳಗೆ 'ಡ್ರೈವರ್ಸ್', ಅದರೊಳಗೆ ಯುನಿಕ್ಸಿನಿಂದ ಬಂದ 'ಇಟಿಸಿ' ಎಂಬ ಹೆಸರಿನ ಕೋಶವಿದೆ. ಅಲ್ಲಿ ಹೋಸ್ಟ್ಸ್, ಸರ್ವಿಸಸ್ ಮುಂತಾದ ಕಡತಗಳು ಇಂದಿಗೂ ಇವೆ. ಈ ಕೋಶ ಎಲ್ಲಿದೆಯೆಂಬುದನ್ನು ಸೂಚಿಸುವ 'ಡೇಟಾಬೇಸ್‌ಪಾತ್' ಎಂಬ ನಮೂದು ಮಾತ್ರ ರಿಜಿಸ್ಟ್ರಿಯಲ್ಲಿದೆ.

ಯುನಿಕ್ಸ್ ಪರಂಪರೆಯಲ್ಲಿಯೂ ದತ್ತಸಂಚಯದ ಪ್ರಯೋಗಗಳು ನಡೆದವು. ನೆಕ್ಸ್ಟ್ ಕಂಪನಿಯ ನೆಟ್‌ಇನ್ಫೋ ಇಂಥ ಒಂದು ವ್ಯವಸ್ಥೆ. ಅದನ್ನು ಮುಂದುವರಿಸಿದ ಆಪಲ್ ೨೦೦೭ರ ಮ್ಯಾಕ್ ಒಎಸ್ ಹತ್ತು, ೧೦.೫ರಲ್ಲಿ ಕೈಬಿಟ್ಟಿತು. ಬರ್ಕ್ಲಿ ೪.೩ ಆವೃತ್ತಿಯು ಮಧ್ಯಮಾರ್ಗವೊಂದನ್ನು ತೋರಿಸಿತ್ತು. ಅದರಲ್ಲಿ ಹೋಸ್ಟ್ಸ್ ಪಠ್ಯಕಡತವೇ ಮೂಲ. ವೇಗದ ಹುಡುಕಾಟಕ್ಕಾಗಿ ಅದರಿಂದ ದ್ವಿಮಾನ ಸೂಚಿಯೊಂದನ್ನು ತಯಾರಿಸಿಕೊಳ್ಳಲು ಅವಕಾಶವಿತ್ತು. ಸೂಚಿ ಕೆಟ್ಟರೆ ಮೂಲದಿಂದ ಮತ್ತೆ ತಯಾರಿಸಬಹುದಾಗಿತ್ತು.

೧೯೯೮ರ ವಿವಾದ

ಅಂತರಜಾಲ ವಾಣಿಜ್ಯಕ್ಕೆ ತೆರೆದುಕೊಂಡ ಮೇಲೆ ಪಟ್ಟಿಯನ್ನು ಇಟ್ಟುಕೊಳ್ಳುವುದು ಕೇವಲ ಗುಮಾಸ್ತಿಕೆಯ ಕೆಲಸವಾಗಿ ಉಳಿಯಲಿಲ್ಲ. ೧೯೯೩ರಿಂದ ಡೊಮೇನ್ ನೋಂದಣಿಯನ್ನು ನಡೆಸುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿಗೆ ೧೯೯೫ರಲ್ಲಿ ಶುಲ್ಕ ವಿಧಿಸುವ ಅನುಮತಿ ದೊರೆಯಿತು. ಏಕಸ್ವಾಮ್ಯವನ್ನು ತಪ್ಪಿಸಲು ಹೊಸ ಮೇಲ್ಮಟ್ಟದ ಡೊಮೇನ್‌ಗಳು ಬೇಕೆಂದು ಪೋಸ್ಟೆಲ್ ೧೯೯೬ರಲ್ಲಿ ಪ್ರಸ್ತಾವ ಮಂಡಿಸಿದರು. ಅಂತಿಮ ಅಧಿಕಾರ ಯಾರದು ಎಂಬ ಪ್ರಶ್ನೆ ಬಿಸಿಯಾಯಿತು.

೧೯೯೮ರ ಜನವರಿ ೨೮ರಂದು ಪೋಸ್ಟೆಲ್, ಸರ್ಕಾರದ ನೇರ ಅಧೀನದಲ್ಲಿರದ ಎಂಟು ಮೂಲ ಸರ್ವರುಗಳ ನಿರ್ವಾಹಕರಿಗೆ ಮಿಂಚಂಚೆ ಕಳುಹಿಸಿದರು. ಮೂಲ ವಲಯದ ಕಡತವನ್ನು ನೆಟ್‌ವರ್ಕ್ ಸೊಲ್ಯೂಷನ್ಸ್‌ನ ಸರ್ವರಿನ ಬದಲು ಐಎಸ್‌ಐನ ಸರ್ವರಿನಿಂದ ಪಡೆಯುವಂತೆ ಅದರಲ್ಲಿ ಕೋರಿದ್ದರು. ಅವರು ಹಾಗೆಯೇ ಮಾಡಿದರು. ಕಡತದ ವಿಷಯ ಒಂದೇ ಆಗಿದ್ದುದರಿಂದ ಬಳಕೆದಾರರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಆದರೆ ಅಂತರಜಾಲದ ಮೂಲ ಪಟ್ಟಿಯನ್ನು ಒಬ್ಬ ವ್ಯಕ್ತಿಯ ಕೋರಿಕೆಯಿಂದ ಸ್ಥಳಾಂತರಿಸಬಹುದು ಎಂಬುದು ಇದರಿಂದ ಬಹಿರಂಗವಾಯಿತು. ಇದು ಪರೀಕ್ಷೆ ಮಾತ್ರವೆಂದು ಪೋಸ್ಟೆಲ್ ವಿವರಿಸಿದರು. ಕ್ಲಿಂಟನ್ ಆಡಳಿತದ ಸಲಹೆಗಾರ ಐರಾ ಮ್ಯಾಗಜಿನರ್ ಅವರ ಸೂಚನೆಯಂತೆ ಹಿಂದಿನ ವ್ಯವಸ್ಥೆಯನ್ನು ಮತ್ತೆ ಜಾರಿಗೆ ತರಲಾಯಿತು. ಕೆಲವರು ಇದನ್ನು ಅಧಿಕಾರ ಮೀರಿದ ವರ್ತನೆಯೆಂದೂ, ಇನ್ನು ಕೆಲವರು ತಾಂತ್ರಿಕ ಸಮುದಾಯದ ಸ್ವಾತಂತ್ರ್ಯದ ಘೋಷಣೆಯೆಂದೂ ಕಂಡರು. ಮುಂದಿನ ತಿಂಗಳುಗಳಲ್ಲಿ ಸರ್ಕಾರವು ಈ ಹೊಣೆಯನ್ನು ಲಾಭರಹಿತ ಸಂಸ್ಥೆಗೆ ವಹಿಸುವ ನೀತಿಯನ್ನು ಪ್ರಕಟಿಸಿತು. ಪೋಸ್ಟೆಲ್ ಆ ಸಂಸ್ಥೆಯ ರಚನೆಯಲ್ಲಿ ತೊಡಗಿದರು. ಐಕಾನ್ ಎಂಬ ಹೆಸರಿನ ಅದು ೧೯೯೮ರ ಸೆಪ್ಟೆಂಬರ್ ೩೦ರಂದು ನೋಂದಣಿಯಾಯಿತು.

ವ್ಯಕ್ತಿತ್ವ ಮತ್ತು ನಿಧನ

ಉದ್ದನೆಯ ಗಡ್ಡ, ಕಾಲಿಗೆ ಚಪ್ಪಲಿ, ಮಿತವಾದ ಮಾತು ಪೋಸ್ಟೆಲ್ ಅವರನ್ನು ಬಲ್ಲವರಿಗೆ ಪರಿಚಿತ. ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಚಾರಣ ಅವರಿಗೆ ಪ್ರಿಯವಾದ ಹವ್ಯಾಸ. ತಮ್ಮ ಸ್ಥಾನದಿಂದ ಅವರು ಸಂಪತ್ತನ್ನು ಗಳಿಸಲಿಲ್ಲ.

ಹೃದಯದ ಕವಾಟದ ತೊಂದರೆಯಿಂದ ಬಳಲುತ್ತಿದ್ದ ಅವರು ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಿಂದ ೧೯೯೮ರ ಅಕ್ಟೋಬರ್ ೧೬ರಂದು ಲಾಸ್ ಏಂಜಲೀಸಿನಲ್ಲಿ ನಿಧನರಾದರು. ಆಗ ಅವರಿಗೆ ೫೫ ವರ್ಷ. ಐಕಾನ್ ಸ್ಥಾಪನೆಯಾಗಿ ಮೂರು ವಾರವೂ ಕಳೆದಿರಲಿಲ್ಲ.

ಗೌರವಗಳು ಮತ್ತು ಪರಂಪರೆ

ಪೋಸ್ಟೆಲ್ ಅವರಿಗೆ ೧೯೯೭ರಲ್ಲಿ ಎಸಿಎಂ ಸಂಸ್ಥೆಯ ಸಿಗ್‌ಕಾಮ್ ಪ್ರಶಸ್ತಿ ಮತ್ತು ೧೯೯೮ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬೆಳ್ಳಿ ಪದಕ ದೊರೆತವು. ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿಯು ಆರ್‌ಎಫ್‌ಸಿ ೨೪೬೮ ಆಗಿ ಅದೇ ಮಾಲೆಯಲ್ಲಿ ಪ್ರಕಟವಾಯಿತು. ಇಂಟರ್ನೆಟ್ ಸೊಸೈಟಿಯು ೧೯೯೯ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ. ಮೊದಲ ಪ್ರಶಸ್ತಿ ಮರಣೋತ್ತರವಾಗಿ ಅವರಿಗೇ ಸಂದಿತು. ೨೦೧೨ರಲ್ಲಿ ಇಂಟರ್ನೆಟ್ ಹಾಲ್ ಆಫ್ ಫೇಮ್‌ನ ಮೊದಲ ಪಟ್ಟಿಯಲ್ಲಿ ಅವರ ಹೆಸರು ಸೇರಿತು.

೧೯೯೪ರ ಆರ್‌ಎಫ್‌ಸಿ ೧೭೦೦ 'ಅಸೈನ್ಡ್ ನಂಬರ್ಸ್' ಪಟ್ಟಿಯ ಕೊನೆಯ ಮುದ್ರಿತ ರೂಪ. ೨೦೦೨ರಲ್ಲಿ ಅದನ್ನು ರದ್ದುಗೊಳಿಸಿ, ಅಯಾನಾದ ಅಂತರಜಾಲ ದತ್ತಸಂಚಯವೇ ಅಧಿಕೃತವೆಂದು ಘೋಷಿಸಲಾಯಿತು. ೨೦೧೬ರ ಅಕ್ಟೋಬರ್ ೧ರಂದು ಅಯಾನಾ ಕಾರ್ಯಗಳ ಮೇಲಿನ ಅಮೆರಿಕ ಸರ್ಕಾರದ ಉಸ್ತುವಾರಿ ಕೊನೆಗೊಂಡಿತು. ಆಸ್ಕಿ ಅಕ್ಷರಗಳಿಗೆ ಸೀಮಿತವಾಗಿದ್ದ ಮೂಲ ವಲಯದಲ್ಲಿ ಈಗ ಇತರ ಲಿಪಿಗಳ ಹೆಸರುಗಳಿಗೂ ಸ್ಥಾನವಿದ್ದು, ಕನ್ನಡ ಲಿಪಿಯ 'ಭಾರತ' ಎಂಬ ಮೇಲ್ಮಟ್ಟದ ಡೊಮೇನ್ ಅವುಗಳಲ್ಲಿ ಒಂದಾಗಿದೆ.